ಗಣಪತಿ ಮುನಿಸಿಕೊಂಡ ಬೆಳಿಗ್ಗೆ

ಶಿಡ್ಲಘಟ್ಟದ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಚಿಕ್ಕ ಕಂಪ್ಯೂಟರ್ ಟೈಪಿಂಗ್ ಅಂಗಡಿ. ಅರ್ಜಿ, ಬಾಡಿಗೆ ಕರಾರು, ಲಗ್ನಪತ್ರಿಕೆ, ಏನು ಬಂದರೂ ಬೇಡವೆನ್ನುವುದಿಲ್ಲ. ಮಗಳ ಮದುವೆ ಗೊತ್ತಾದ ಮೇಲೆ ಚಿಂತಾಮಣಿಯ ನನ್ನ ಸೋದರತ್ತೆ ಬೇರೆಲ್ಲಿಗೆ ಹೋಗುತ್ತಾರೆ? ನಾನು ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಕೂತಿದ್ದರು, ಕೈಯಲ್ಲಿ ಹೆಸರುಗಳ ಪಟ್ಟಿ. ಮಧ್ಯಾಹ್ನದೊಳಗೆ ಪತ್ರಿಕೆ ಚಿಕ್ಕಬಳ್ಳಾಪುರದ ಪ್ರೆಸ್ಸಿಗೆ ಹೋಗಬೇಕು. ಇಲ್ಲದಿದ್ದರೆ ಶುಕ್ರವಾರ ಮನೆದೇವರ ಮುಂದೆ ಇಡಲು ಒಂದೂ ಇರುವುದಿಲ್ಲ.

ನಮ್ಮ ಕಡೆ ಲಗ್ನಪತ್ರಿಕೆಯಲ್ಲಿ ಮದುಮಕ್ಕಳ ಹೆಸರು ಎರಡೇ, ಬಂಧುಗಳದ್ದು ಒಂದು ದಂಡು. ಯಾರ ಹೆಸರು ಯಾರ ಮೇಲೆ ಬರಬೇಕೆಂದು ಅತ್ತೆ ಹೇಳಿ, ಅಳಿಸಿ, ಮತ್ತೆ ಹೇಳಿ, ಮೂರು ಗಂಟೆ ಟೈಪ್ ಮಾಡಿಸಿದರು. ಪಟ್ಟಿಯಲ್ಲಿ ಒಂದು ಹೆಸರಿಗೆ ಗೀಟು ಎಳೆದಿತ್ತು. ಅತ್ತೆಯ ಮೈದುನನದು.

"ಇವ್ರು ಬೇಡ್ವಾ ಅತ್ತೆ?"

"ಬಿಡೇ. ನಾಮಕರಣದಲ್ಲಿ ಮೊದಲ್ನೇ ಪಂಕ್ತಿಗೆ ಕರೀಲಿಲ್ಲ ಅಂತ ಇನ್ನೂ ಮುಖ ಊದಿಸ್ಕೊಂಡವ್ನೆ. ಬಂದ್ರೆಷ್ಟು, ಬಿಟ್ರೆಷ್ಟು!"

ಕೊನೆಗೆ ಉಳಿದದ್ದು ಗಣಪತಿ ಚಿತ್ರ. "ಇದು ಸಣ್ಣದಾಯ್ತು", "ಇದರ ಹೊಟ್ಟೆ ಸರಿಯಿಲ್ಲ" ಎಂದು ಅತ್ತೆ ಒಂದರ ಮೇಲೊಂದು ತೆರೆಸುತ್ತಲೇ ಹೋದರು. ಚಿತ್ರ ನೋಡುವ ಪ್ರೋಗ್ರಾಂನಲ್ಲಿ ಇಪ್ಪತ್ತೋ ಮೂವತ್ತೋ ಗಣಪತಿಗಳು ಸೇರಿರಬೇಕು. ಪರದೆ ಗರ ಬಡಿದಂತೆ ನಿಂತುಬಿಟ್ಟಿತು. ಕ್ಲಿಕ್ ಮಾಡಿದರೂ ಇಲ್ಲ, ಗುದ್ದಿದರೂ ಇಲ್ಲ. ಆಗ ನೆನಪಾಯಿತು, ಬೆಳಿಗ್ಗೆಯಿಂದ ನಾನು ಒಂದು ಸಲವೂ ಸೇವ್ ಮಾಡಿರಲಿಲ್ಲ.

ಗಾಬರಿಯಾದರೆ ಅತ್ತೆಯ ಕನ್ನಡಕ್ಕೆ ತೆಲುಗು ಬೆರೆಯುತ್ತದೆ. "ಏಮೇ ಇದಿ? ಹೆಸರೆಲ್ಲಾ ಪೋಯಿಂದಾ?"

ಕಂಪ್ಯೂಟರನ್ನೇ ಆರಿಸಿಬಿಡಲು ನನ್ನ ಕೈ ಆಗಲೇ ಗೋಡೆಯ ಸ್ವಿಚ್ಚಿನ ಮೇಲಿತ್ತು. ಅತ್ತೆ ಗಬಕ್ಕನೆ ಹಿಡಿದುಕೊಂಡರು.

"ತಡಿಯೇ! ಮದುವೆ ಮನೇಲಿ ಕೆಲಸ ನಿಂತ್ರೆ ಚಪ್ಪರ ಕೀಳ್ತಾರಾ? ಯಾರೋ ಒಬ್ರು ಮುನಿಸ್ಕೊಂಡಿರ್ತಾರೆ. ಅವ್ರನ್ನ ಹುಡುಕು."

ಅಂಗಡಿ ಇಟ್ಟವಳು ನಾನು, ಪಾಠ ಹೇಳಿದವರು ಅವರು! ನೋಡಿದರೆ ಮೌಸಿನ ಬಾಣ ಇನ್ನೂ ಓಡಾಡುತ್ತಿತ್ತು. ಎಲ್ಲವೂ ಸತ್ತಿಲ್ಲ. ಕಂಟ್ರೋಲ್, ಆಲ್ಟ್, ಡಿಲೀಟ್, ಮೂರೂ ಬಟನ್ ಒಟ್ಟಿಗೆ ಒತ್ತಿ, ತೆರೆದಿದ್ದ ಪ್ರೋಗ್ರಾಂಗಳ ಪಟ್ಟಿ ತೆಗೆದೆ. ಒಂದರ ಪಕ್ಕದಲ್ಲಿ ಮಾತ್ರ, ಇದು ಉತ್ತರ ಕೊಡುತ್ತಿಲ್ಲ ಎಂದು ಬಂದಿತ್ತು. ಗಣಪತಿಗಳಿದ್ದ ಪ್ರೋಗ್ರಾಂ.

"ಅಯ್ಯೋ, ವಿಘ್ನ ಕಳೀಬೇಕಾದೋನೇ ಅಡ್ಡ ಕೂತವ್ನಾ!" ಅತ್ತೆ ಕೆನ್ನೆ ಬಡಿದುಕೊಂಡರು. "ತಪ್ಪಾಯ್ತು ಸ್ವಾಮಿ. ಹೊಟ್ಟೆ ಸರಿಯಾಗೇ ಐತೆ."

ಅದೊಂದನ್ನೇ ಮುಚ್ಚಿದೆ. ಪರದೆ ಒಮ್ಮೆ ಬೆಳ್ಳಗಾಗಿ, ಹಿಂದಿನಿಂದ ಪತ್ರಿಕೆ ಎದ್ದುಬಂತು. ಚಿಕ್ಕಪ್ಪನ ಮೇಲೆ ದೊಡ್ಡಪ್ಪ, ದೊಡ್ಡಪ್ಪನ ಮೇಲೆ ಅಜ್ಜ, ಎಲ್ಲರೂ ಕೂತಲ್ಲೇ ಕೂತಿದ್ದರು. ಉಸಿರು ಬಿಡುವ ಮೊದಲು ಸೇವ್ ಮಾಡಿದೆ. ಆಮೇಲೆ ಅತ್ತೆ ಮೊಟ್ಟಮೊದಲು ಬೇಡವೆಂದಿದ್ದ ಗಣಪತಿಯನ್ನೇ ತಂದು ಕೂರಿಸಿದೆ, ಅತ್ತೆ ಕೈಮುಗಿದರು.

ಇನ್ನೇನು ಪ್ರೆಸ್ಸಿಗೆ ಕಳಿಸಬೇಕು, ಅತ್ತೆ ಕೆಮ್ಮಿದರು.

"ಆ ಗೀಟು ಹಾಕಿರೋ ಹೆಸರೂ ಸೇರ್ಸೇ."

"ಬಂದ್ರೆಷ್ಟು, ಬಿಟ್ರೆಷ್ಟು ಅಂದ್ರಿ?"

"ಅಂದೆ ಕಣಮ್ಮ. ಧಾರೆ ಹೊತ್ನಲ್ಲಿ ಅವ್ನೂ ಹಿಂಗೇ ಅಡ್ಡ ಕೂತ್ಕೊಂಡ್ರೆ, ಆ ಮೂರು ಬಟನ್ ಎಲ್ಲಿ ಒತ್ಲಿ ನಾನು?"