ಉಸುಕು ಹೋದ ಹಳ್ಳ

ನೀರು ಕೊಡುತ್ತೇವೆಂದು ಬಂದವರೇ ಸಿಂದಗಿ ಸೀಮೆಯ ಈ ಊರಿನ ನೀರನ್ನು ಲಾರಿಗೆ ತುಂಬಿಕೊಂಡು ಹೋದರು. ಯೋಜನೆಗೆ ರುಜು ಹಾಕಿದ ಅಧಿಕಾರಿಗಳೇ ಇದಕ್ಕೆ ಹೊಣೆ.

ಈ ಪತ್ರ ಓದುತ್ತಿರುವ, ಕಾವೇರಿಯ ಕಾಲುವೆ ಬಯಲಿನ ನನ್ನ ಊರ ಕಡೆಯವರಾದ ನಿಮಗೆ ಇದು ವಿಚಿತ್ರವೆನಿಸೀತು. ವಿಶ್ವವಿದ್ಯಾಲಯದ ಪದವಿ ಹಿಡಿದು ಇಲ್ಲಿಗೆ ಶಿಕ್ಷಕಿಯಾಗಿ ಬಂದ ಮೊದಲ ಬೆಳಿಗ್ಗೆ ನಾನೂ ದಿಗಿಲುಗೊಂಡಿದ್ದೆ. ಬಾವಿಗಳ ನೀರು ಸವಳು. ಅದರಲ್ಲಿ ಬೇಳೆಯೂ ಬೇಯದು. ಬಾಡಿಗೆ ಮನೆಯ ಒಡತಿ ನೀಲವ್ವ ನನ್ನನ್ನು ಕರೆದೊಯ್ದದ್ದು ಒಣಗಿದ ಹಳ್ಳಕ್ಕೆ! ಉಸುಕಿನಲ್ಲಿ, ಅಂದರೆ ಮರಳಿನಲ್ಲಿ, ತೋಡಿದ ಗುಂಡಿಗೆ ಇಲ್ಲಿ ವರ್ತಿ ಎನ್ನುತ್ತಾರೆ. ತಳದಲ್ಲಿ ಜಿನುಗಿದ ಸಿಹಿನೀರನ್ನು ಬಟ್ಟಲಿನಿಂದ ಮೊಗೆಯಬೇಕು. ತೂಬೆತ್ತಿದರೆ ಗದ್ದೆ ತುಂಬುವ ಊರಿನವಳು ನಾನು, ಕೈಹಾಕಿದವಳೇ ಕದಡಿಬಿಟ್ಟೆ.

"ಸಾವಕಾಶ್ರೀ ಅಕ್ಕೋರ! ಇದೇನ್ ನಿಮ್ಮೂರ ಕಾಲುವಿ ಅಂದ್ಕೊಂಡ್ರೇನು? ಅವಸರ ಮಾಡಿದ್ರ ರಾಡಿನ ಕುಡೀಬೇಕು," ಎಂದು ನೀಲವ್ವ ನಕ್ಕಳು.

ಕೊನೆಗೆ ತುಂಬಿಕೊಂಡವಳು ಹಕ್ಕಿಗಳಿಗೆಂದು ಪಕ್ಕದ ಕುಳಿಗಿಷ್ಟು ನೀರು ಸುರಿದು, ವರ್ತಿಗೆ ಜಾಲಿಮುಳ್ಳು ಮುಚ್ಚಿ ಹೋಗಬೇಕು. ಈ ಕಟ್ಟಳೆಯ ಬಲದಿಂದ ಊರು ಎಪ್ಪತ್ತೆರಡರ ಬರವನ್ನೂ ದಾಟಿತ್ತು. ಮುಳ್ಳು ಮುಚ್ಚುವ ಕೆಲಸವನ್ನು ನನಗೆ ಒಪ್ಪಿಸಿದ ದಿನ, ರೊಟ್ಟಿ ತಟ್ಟಲೂ ಬಾರದ ನಾನು ಊರಿನವಳಾದೆನೆಂದು ಹಿಗ್ಗಿದೆ.

ಈ ಚಳಿಗಾಲ ಲಾರಿಗಳು ಹಳ್ಳಕ್ಕಿಳಿದವು. ಊರಿಗೆ ನೀರಿನ ಟಾಕಿ ಕಟ್ಟಲು ಮರಳು ಬೇಕಂತೆ. ನೀಲವ್ವ ಓವರ್ಸಿಯರನಿಗೆ ಎದುರು ನಿಂತಳು.

"ಸಾಹೇಬ್ರ, ಹಾಲು ಚೆಲ್ಲಿ ಗಡಗಿ ಮಾಡಾಕತ್ತೀರೇನ್ರಿ?"

"ಮನಿ ಮುಂದ ನಳ ಬರ್ತೈತಿ ತಗೋ ಯವ್ವಾ. ಉಸುಕಿಗೇನು ಬರಗಾಲ?"

"ನಮಗ ಅದು ಉಸುಕಲ್ರೀ, ಕೊಡ. ಮಳಿ ನೀರು ಅದರಾಗ ಇಟ್ಟೇವಿ."

ಲಾರಿ ನಿಲ್ಲಲಿಲ್ಲ. ಹಳ್ಳದ ತಳದ ಬಂಡೆ ಬಯಲಾಯಿತು. ಟಾಕಿಗೆ ನೀರೆತ್ತಲೆಂದು ದಂಡೆಯಲ್ಲಿ ಹೊಸದಾಗಿ ತೋಡಿದ್ದ ಬಾವಿಗೂ ಅದೇ ಮರಳಿನಿಂದ ಸಿಹಿನೀರಿನ ಸೆಲೆ ಬರುತ್ತಿತ್ತು. ಟಾಕಿ ಎದ್ದು ನಿಲ್ಲುವಷ್ಟರಲ್ಲಿ ಬಾವಿ ಬತ್ತಿತು. ಸವಳು ನೀರು ಕುಡಿದು ನೀಲವ್ವನ ಕೂಸು ಹಾಸಿಗೆ ಹಿಡಿದಿದೆ. ನಿನ್ನೆ ಅವಳು ಕೂಸನ್ನೆತ್ತಿಕೊಂಡು ಮನಗೂಳಿಯ ತವರಿಗೆ ಹೊರಟಳು.

"ನೀವೂ ಹೋಗ್ರಿ ಅಕ್ಕೋರ. ನಿಮಗಾದ್ರೂ ಒಂದು ಊರೈತಿ."

ನನಗೆ ಊರಿದೆಯೆ? ರಜೆಗೆ ಅಲ್ಲಿಗೆ ಬಂದಾಗ ನಿಮ್ಮ ಕಾಲುವೆಯ ಸದ್ದನ್ನು ನನಗೆ ಸಹಿಸಲಾಗದು. ಇಲ್ಲಿ ಮುಳ್ಳು ಮುಚ್ಚಲು ವರ್ತಿಯೇ ಉಳಿದಿಲ್ಲ.

ಆದ್ದರಿಂದ ಸಂಬಂಧಪಟ್ಟ ಅಧಿಕಾರಿಗಳಲ್ಲಿ ವಿನಂತಿ: ಮೇಲ್ಹಳ್ಳದಲ್ಲಿ ಅಳಿದುಳಿದ ಮರಳನ್ನು ಯಾರೂ ಮುಟ್ಟದಂತೆ ಕೂಡಲೇ ಆಜ್ಞೆ ಹೊರಡಿಸಿರಿ. ಈ ಯೋಜನೆಯನ್ನು ಒಪ್ಪುವ ಮುನ್ನ ನಿಮ್ಮಲ್ಲಿ ಯಾರು ಹಳ್ಳಕ್ಕಿಳಿದು ನೋಡಿದ್ದಿರಿ ಎಂಬುದಕ್ಕೆ, ಇಲ್ಲಿಯೇ, ಈ ಊರಿನ ಹೆಂಗಸರ ಎದುರು ನಿಂತು ಉತ್ತರ ಕೊಡಿರಿ.