ನಾನು ದೂರ ಮಲಗಿದ ಐದು ತಿಂಗಳು

ಅವತ್ತು ಗಿರಿಜೆಗೆ ಮುಟ್ಟಿನ ಮೂರನೆಯ ದಿನ. ಭಾನುವಾರ ಮಧ್ಯಾಹ್ನ. ಅವ್ವ ಅಕ್ಕನ ಮನೆಗೆ ಹೋಗಿದ್ದಳು, ಮಗಳು ಟ್ಯೂಷನ್‌ಗೆ. ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ನಾನೇ ಮೊದಲು ಅವಳ ಕೈ ಹಿಡಿದದ್ದು.

“ಇನ್ನೂ ನಿಂತಿಲ್ರೀ” ಎಂದಳು.

“ನಮ್ಮನಿಯಾಗೆ ಸೂತಕ ಎಲ್ಲೈತಿ?” ಎಂದು ಚೇಷ್ಟೆ ಮಾಡಿದೆ. ನಕ್ಕಳು. ಸ್ವಲ್ಪ ಯೋಚಿಸಿ, ತಾನೇ ಎದ್ದು ಹಳೆಯ ಟವೆಲ್ ತಂದು ಹಾಸಿದಳು. ಬಲವಂತ ಇರಲಿಲ್ಲ, ಇಬ್ಬರಿಗೂ ಬೇಕಿತ್ತು. ಇದನ್ನು ಬರೆಯಲೇಬೇಕು, ಏಕೆಂದರೆ ಮುಂದೆ ತಿಂಗಳುಗಟ್ಟಲೆ ನಾನು ಇದನ್ನೇ ಮರೆತುಬಿಟ್ಟೆ.

ಸಂಜೆಯ ಹೊತ್ತಿಗೆ ರಕ್ತ ಹೆಚ್ಚಾಯಿತು.

ಹನ್ನೊಂದು ದಿನ ನಿಲ್ಲಲಿಲ್ಲ.

ಸೂತಕದ ವಿಷಯ ಸ್ವಲ್ಪ ಹೇಳಬೇಕು. ಶಿಕಾರಿಪುರದ ನಮ್ಮ ಮನೆಯಲ್ಲಿ ಲಿಂಗ ಕಟ್ಟಿಕೊಂಡವರಿಗೆ ಸೂತಕವಿಲ್ಲ. ಅವ್ವ ಮುಟ್ಟಾದಾಗಲೂ ಅಡುಗೆ ಮಾಡುತ್ತಿದ್ದಳು, ಪೂಜೆ ಮಾಡುತ್ತಿದ್ದಳು, ಯಾರೂ ಕೇಳುತ್ತಿರಲಿಲ್ಲ. ಗಿರಿಜೆಯ ತವರು ಸೊರಬದ ಕಡೆ, ಹೊಸಬಾಳೆ. ಅಲ್ಲಿ ಮೂರು ದಿನ ಜಗಲಿಯ ಮೂಲೆ, ಬೇರೆ ಚಾಪೆ, ಬೇರೆ ತಟ್ಟೆ. ಮದುವೆಯಾದ ಹೊಸತರಲ್ಲಿ ಅವಳು ಆ ದಿನಗಳಲ್ಲಿ ಅಡುಗೆಮನೆಯ ಹೊಸಿಲು ದಾಟಲು ಹೆದರಿದಾಗ ನಾನು ಎಷ್ಟು ತಮಾಷೆ ಮಾಡಿದ್ದೇನೋ ಲೆಕ್ಕವಿಲ್ಲ. ನಾವು ಮುಂದುವರಿದವರು ಎಂಬ ಹಮ್ಮು ನನಗೆ ಚೆನ್ನಾಗಿಯೇ ಇತ್ತು.

ಆ ಹಮ್ಮು ಹನ್ನೊಂದು ದಿನವೂ ಬಾಳಲಿಲ್ಲ. ಐದನೆಯ ದಿನಕ್ಕೇ ನನ್ನೊಳಗೆ ಯಾರೋ ಪಿಸುಗುಟ್ಟತೊಡಗಿದರು: ನೀನು ಮಾಡಬಾರದ್ದು ಮಾಡಿದೆ. ಗಿರಿಜೆಯೂ ಒಂದು ದಿನ ಬಟ್ಟೆ ಒಣಗಿಸುತ್ತಾ, “ನಮ್ಮಮ್ಮ ಹೇಳ್ತಿದ್ಲು, ಆ ದಿನದಲ್ಲಿ ಗಂಡನ ಹತ್ರ ಹೋಗ್ಬಾರ್ದು ಅಂತ” ಎಂದಳು. ನನ್ನ ಮುಖ ನೋಡಲಿಲ್ಲ. ರಕ್ತ ನಿಂತ ಮೇಲೆ ಎರಡು ಸಲ ಹತ್ತಿರವಾದೆವು. ಎರಡು ಸಲವೂ ರಕ್ತ ಕಂಡಿತು. ಮುಟ್ಟಿನ ದಿನಗಳೇ ಅಲ್ಲ ಅವು. ತಪ್ಪು ಇನ್ನೂ ತೀರಿಲ್ಲ ಎಂದು ನನಗೆ ಖಾತ್ರಿಯಾಯಿತು.

ಗಿರಿಜೆ ಬಿಳಿಚಿಕೊಂಡದ್ದು ಅವ್ವನ ಕಣ್ಣಿಗೆ ಬಿತ್ತು. ಅವ್ವನೇ ಹೊರಡಿಸಿ ಊರಿನ ಲೇಡಿ ಡಾಕ್ಟರ್ ಬಳಿ ಕರೆದುಕೊಂಡು ಹೋದಳು. ನಾನೂ ಹೋದೆ. ಡಾಕ್ಟರ್ ತಿಂಗಳಿನ ಲೆಕ್ಕವೆಲ್ಲ ಕೇಳಿದ ಮೇಲೆ ತಲೆಯೆತ್ತಿ, “ಗಂಡ ಹೆಂಡತಿ ಸೇರಿದ ಮೇಲೆ ಬ್ಲೀಡಿಂಗ್ ಆಗುತ್ತಾ?” ಎಂದರು.

ಅವ್ವ ಪಕ್ಕದ ಕುರ್ಚಿಯಲ್ಲಿದ್ದಳು. ಗಿರಿಜೆ ಬಾಯಿ ತೆರೆದಳು.

“ಇಲ್ಲ ಮೇಡಂ, ಹಂಗೇನಿಲ್ಲ” ಎಂದೆ ನಾನು.

ಅವಳು ಬಾಯಿ ಮುಚ್ಚಿದಳು.

ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ನೀರಿಲ್ಲದ ಬೋರ್‌ನಲ್ಲಿ ಮೋಟಾರ್ ಓಡಿಸಿ, ಸುಟ್ಟುಕೊಂಡು ತಂದವರು “ಸುಮ್ನೆ ನಿಂತೋತು” ಎನ್ನುತ್ತಾರೆ. ನಿಜ ಹೇಳಿದರೆ ತಾನೇ ರಿಪೇರಿ ಸರಿಯಾಗುವುದು ಎಂದು ನಾನು ಬೈಯುತ್ತೇನೆ. ಡಾಕ್ಟರ್ ಹತ್ತಿರ, ವಕೀಲರ ಹತ್ತಿರ ಸುಳ್ಳು ಹೇಳಬಾರದು ಎಂಬ ಗಾದೆಯಂಥ ಮಾತನ್ನು ಗಿರಾಕಿಗಳಿಗೆ ಎಷ್ಟೋ ಸಲ ಹೇಳಿದ್ದೇನೆ. ಆ ದಿನ ಅವ್ವನ ಮುಂದೆ ಮರ್ಯಾದೆ ಉಳಿಸಿಕೊಳ್ಳಲು ಒಂದು ಮಾತು ನುಂಗಿದೆ. ಡಾಕ್ಟರ್ ಮಾತ್ರೆ ಬರೆದುಕೊಟ್ಟರು. “ಬ್ಲೀಡಿಂಗ್ ಪೂರ್ತಿ ನಿಂತ ಮೇಲೆ ಬನ್ನಿ, ಒಳಗಿನ ಪರೀಕ್ಷೆ ಮಾಡ್ಲೇಬೇಕು” ಎಂದೂ ಹೇಳಿದರು.

ನಾವು ಹೋಗಲಿಲ್ಲ.

ಏಕೆಂದರೆ ನಾನೇ ಔಷಧಿ ಕಂಡುಹಿಡಿದಿದ್ದೆ. ಹಾಲ್‌ನಲ್ಲಿ ಚಾಪೆ ಹಾಸಿ ಮಲಗತೊಡಗಿದೆ. ಅವ್ವ ಕೇಳಿದಾಗ ಸೆಕೆ ಎಂದೆ. ಗಿರಿಜೆಗೆ ಏನೂ ಹೇಳಲಿಲ್ಲ. ಹೇಳದೆಯೂ ಅರ್ಥವಾಗುತ್ತದೆ ಎಂದುಕೊಂಡೆ. ದಿನ ಬೆಳಗ್ಗೆ ಲಿಂಗಪೂಜೆಯ ಹೊತ್ತಿಗೆ, ಇವಳು ಗುಣವಾಗುವ ತನಕ ಇವಳನ್ನು ಮುಟ್ಟುವುದಿಲ್ಲ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ನೋಡಿದರೆ ರಕ್ತ ನಿಂತೇಹೋಯಿತು. ಒಂದು ತಿಂಗಳು, ಎರಡು ತಿಂಗಳು, ಅವಳು ರಕ್ತದ ಮಾತೇ ಎತ್ತಲಿಲ್ಲ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು. ನಾನು ಮಾತ್ರ ಕಾಗೆಯೇ ಮುರಿದದ್ದೆಂದು ಆಣೆ ಮಾಡಲು ತಯಾರಿದ್ದೆ.

ಹೀಗೆ ಐದು ತಿಂಗಳು.

ಆಮೇಲೆ ಅತ್ತೆಯವರ ಕಣ್ಣಿನ ಪೊರೆ ಆಪರೇಷನ್ ಆಯಿತು. ಅವರನ್ನು ನೋಡಿಕೊಳ್ಳಲು ಗಿರಿಜೆ ಹೊಸಬಾಳೆಗೆ ಹೋದಳು. ಇಪ್ಪತ್ತು ದಿನವಾದ ಮೇಲೆ ಅತ್ತೆಯವರೇ ಫೋನ್ ಮಾಡಿದರು. ನನ್ನೊಡನೆ ಇಂಥ ಮಾತು ಆಡುವವರೇ ಅಲ್ಲ ಅವರು.

“ಅಳಿಯಂದ್ರೇ, ನಾಚ್ಕೆ ಬಿಟ್ಟು ಹೇಳ್ತಿದೀನಿ. ಬಂದಮೇಲೆ ಇವ್ಳು ಮೂರು ಸಲ ಹೊರಗೆ ಕೂತ್ಲು. ಮಧ್ಯ ನಾಕು ದಿನಾನೂ ಬಿಡುವಿಲ್ಲ. ಬಟ್ಟೆ ವಾಸನೆ ಬರ್ತದೆ. ಇದು ಮುಟ್ಟಲ್ಲ.”

ನಮ್ಮ ಮನೆಯಲ್ಲಿ ಯಾರೂ ಎಣಿಸಿರಲಿಲ್ಲ. ಎಣಿಸುವ ಅಗತ್ಯವೇ ಇರಲಿಲ್ಲ. ನಾನು ನಗುತ್ತಿದ್ದ ಆ ಜಗಲಿಯ ಮೂಲೆಯಲ್ಲಿ, ಕಪ್ಪು ಕನ್ನಡಕ ಹಾಕಿಕೊಂಡ ಮುದುಕಿ ಎಣಿಸಿದ್ದರು. ಹೊರಗೆ ಕೂರಿಸುವುದು ಒಳ್ಳೆಯದೆಂದು ನಾನು ಈಗಲೂ ಹೇಳುವುದಿಲ್ಲ. ನನ್ನ ಮಗಳನ್ನು ಕೂರಿಸಲು ಬಿಡುವುದಿಲ್ಲ. ಆದರೆ ನನ್ನ ಹೆಂಡತಿಯನ್ನು ಉಳಿಸಿದ್ದು ಆ ಎಣಿಕೆ.

ಶಿವಮೊಗ್ಗ. ಒಳಗಿನ ಪರೀಕ್ಷೆ. ಬಯಾಪ್ಸಿ. ಸ್ಕ್ಯಾನ್. ರಿಪೋರ್ಟ್ ಬರುವವರೆಗಿನ ದಿನಗಳಲ್ಲಿ ನಾನು ಅಂಗಡಿಯಲ್ಲಿ ಕೂತು ತಾಮ್ರದ ತಂತಿ ಸುತ್ತುತ್ತಿದ್ದೆ, ಸುತ್ತು ತಪ್ಪಿ ಬಿಚ್ಚುತ್ತಿದ್ದೆ, ಮತ್ತೆ ಸುತ್ತುತ್ತಿದ್ದೆ.

ಗರ್ಭಕೋಶದ ಬಾಯಿಯ ಕ್ಯಾನ್ಸರ್. ಸ್ಟೇಜ್ ಟೂ ಬಿ.

ಆಪರೇಷನ್ ಮಾಡುವ ಹಂತ ದಾಟಿದೆ, ರೇಡಿಯೇಷನ್ ಮತ್ತು ಕೀಮೋ ಕೊಡುತ್ತೇವೆ ಎಂದರು ಅಲ್ಲಿಯ ಡಾಕ್ಟರ್. ಗಿರಿಜೆಯನ್ನು ನರ್ಸ್ ಹೊರಗೆ ಕರೆದುಕೊಂಡು ಹೋದಾಗ ನಾನು ಬಾಗಿಲು ಮುಚ್ಚಿ ಎಲ್ಲವನ್ನೂ ಹೇಳಿಬಿಟ್ಟೆ. ಆ ಭಾನುವಾರ, ಟವೆಲ್, ನನ್ನ ಸುಳ್ಳು. “ನನ್ನಿಂದಲೇ ಬಂತಾ ಸರ್?”

ಅವರು ಪೆನ್ನು ಕೆಳಗಿಟ್ಟರು. “ಮುಟ್ಟಲ್ಲಿ ಸೇರಿದ್ರೆ ಕ್ಯಾನ್ಸರ್ ಬರಲ್ಲ. ಇಬ್ರಿಗೂ ಇಷ್ಟ ಇದ್ರೆ ಅದರಲ್ಲಿ ತಪ್ಪೂ ಇಲ್ಲ. ಸೋಂಕಿನ ಭಯ ಇದ್ರೆ ಕಾಂಡೋಮ್ ಹಾಕ್ಬೇಕು, ಅಷ್ಟೆ. ಇದು ಒಂದು ವೈರಸ್‌ನಿಂದ ಬರೋದು. ಎಷ್ಟೋ ವರ್ಷದ ಹಿಂದೆ ಬಂದು ಕೂತಿರುತ್ತೆ. ಹೆಚ್ಚಿನ ಜನಕ್ಕೆ ಬಂದು ತಾನೇ ಹೋಗುತ್ತೆ, ಕೆಲವರಲ್ಲಿ ಉಳಿಯುತ್ತೆ. ಯಾರಿಂದ, ಯಾವಾಗ ಅಂತ ಹುಡುಕೋಕೆ ಹೋಗ್ಬೇಡಿ.” ಮತ್ತೆ ಪೆನ್ನು ಎತ್ತಿಕೊಳ್ಳುತ್ತಾ ಹೇಳಿದರು: “ಸೇರಿದ ಮೇಲೆ ರಕ್ತ ಬರ್ತಿತ್ತಲ್ಲ, ಅದು ಶಿಕ್ಷೆ ಅಲ್ಲ. ಅದು ಸುಳಿವು.”

ನನ್ನ ತಪ್ಪಲ್ಲ ಎಂದುದಕ್ಕೆ ಹಗುರವಾಗಬೇಕಿತ್ತು. ಆಗಲಿಲ್ಲ. ಆ ಭಾನುವಾರದ ಭೂತ ಇಳಿಯಿತು, ಅದರ ಜಾಗಕ್ಕೆ ನನ್ನ “ಇಲ್ಲ ಮೇಡಂ” ಬಂದು ಕೂತಿತು. ಐದು ತಿಂಗಳ ಮೊದಲು ಬಂದಿದ್ದರೆ ಯಾವ ಸ್ಟೇಜ್ ಇರುತ್ತಿತ್ತು ಎಂದು ಕೇಳಲು ಬಾಯಿ ತೆರೆದೆ, ಕೇಳಲಿಲ್ಲ. ಈಗಲೂ ಕೇಳಿಲ್ಲ. ಗ್ರೈಂಡರ್ ಸದ್ದಿನ ನಡುವೆ, ಬಸ್ಸಿನಲ್ಲಿ, ಊಟದ ತಟ್ಟೆಯ ಮುಂದೆ ಆ ಎರಡು ಪದ ನನ್ನದೇ ದನಿಯಲ್ಲಿ ಕೇಳುತ್ತವೆ.

ಐದು ವಾರ ರೇಡಿಯೇಷನ್, ವಾರಕ್ಕೊಂದು ಕೀಮೋ, ಆಮೇಲೆ ಒಳಗಿನಿಂದ ಕೊಡುವ ರೇಡಿಯೇಷನ್. ವಾಂತಿ, ಭೇದಿ, ಉರಿ. ಗಿರಿಜೆ ಎದುರಿಗಿಟ್ಟ ಗಂಜಿಯನ್ನು ನೋಡಿ ಅಳುತ್ತಿದ್ದಳು. ಅವಳ ಮುಟ್ಟು ನಿಂತೇಹೋಯಿತು. ಮೂವತ್ತಾರು ವರ್ಷಕ್ಕೆ. ಅವ್ವನಿಗೆ ಎಲ್ಲ ಹೇಳಿದೆ, ಸುಳ್ಳನ್ನೂ. ಅವ್ವ, “ನನ್ನ ಎದುರಿಗೆ ಹೇಳಾಕೆ ನಾಚ್ಕಿ ಅನಿಸಿದ್ರೆ ಹೊರಗ ಹೋಗು ಅನ್ನಬೇಕಿತ್ತಪ್ಪ, ಹೋಗ್ತಿದ್ದೆ” ಎಂದಳು. ಅಷ್ಟು ಸುಲಭವಿತ್ತು.

ಮೂರು ತಿಂಗಳ ಚೆಕಪ್‌ನಲ್ಲಿ ಗಡ್ಡೆ ಕಾಣುತ್ತಿಲ್ಲ ಎಂದರು. ಗುಣವಾಯಿತು ಎನ್ನಲು ಇನ್ನೂ ವರ್ಷಗಳು ಬೇಕು. ಒಳಗಿನ ಚರ್ಮ ಒಣಗಿ ಬಿಗಿಯುತ್ತದೆ, ಜೆಲ್ ಬಳಸಿ, ನಿಧಾನವಾಗಿ ನೀವಿಬ್ಬರೂ ಮತ್ತೆ ಸೇರಬಹುದು, ಹೆದರಬೇಡಿ ಎಂದು ನರ್ಸ್ ವಿವರಿಸಿದರು. ನಾನು ತಲೆ ಆಡಿಸಿದೆ. ಮನೆಗೆ ಬಂದು ಮತ್ತೆ ಹಾಲ್‌ನಲ್ಲೇ ಚಾಪೆ ಹಾಸಿದೆ.

ಗಿರಿಜೆ ಒಂದು ವಾರ ನೋಡಿದಳು. ಎಂಟನೆಯ ದಿನ ಮಧ್ಯಾಹ್ನ ನಾನು ಊಟಕ್ಕೆ ಬಂದಾಗ ನನ್ನ ಚಾಪೆಯ ಮೇಲೆಯೇ ಕೂತಿದ್ದಳು.

“ಇನ್ನೂ ಎಷ್ಟು ದಿನ ಇಲ್ಲಿ ಮಲಗ್ತೀರಿ?”

“ನಿಂಗೆ ಏನಾದ್ರೂ ಆದ್ರೆ ಅಂತ ಹೆದರಿಕಿ, ಗಿರಿಜಾ. ಅವಾಗ್ಲೂ ಅದಕ್ಕೇ ಹೊರಗ ಬಂದೆ. ನಾ ಮುಟ್ಟಿದ್ರೆ ನಿಂಗೆ ರಕ್ತ ಬರ್ತತಿ ಅಂತ.”

ಅವಳು ನನ್ನನ್ನೇ ನೋಡಿದಳು. “ಅವಾಗ್ಲೂ ಅದಕ್ಕೇನಾ?”

“ಮತ್ತೇನು?”

“ನನ್ನಿಂದ ವಾಸ್ನೆ ಬರ್ತಿತ್ತು. ನಿಮಗೆ ಅಸಹ್ಯ ಆಗಿ ಎದ್ದು ಹೋದ್ರಿ ಅಂದ್ಕಂಡೆ.” ಚಾಪೆಯ ಅಂಚನ್ನು ಬೆರಳಲ್ಲಿ ಒತ್ತುತ್ತಾ ಮುಂದುವರಿಸಿದಳು. “ರಕ್ತ ನಿಂತಿರ್ಲಿಲ್ರೀ. ಎರಡನೇ ತಿಂಗಳಿಂದ ದಿನಾ ಸ್ವಲ್ಪ ಸ್ವಲ್ಪ ಹೋಗ್ತಿತ್ತು. ಹೇಳಿದ್ರೆ ಇನ್ನೂ ದೂರ ಹೋಗ್ತೀರಿ ಅಂತ ಹೇಳ್ಲಿಲ್ಲ.”

ನಾನೂ ಚಾಪೆಯ ಮೇಲೆ ಕೂತೆ. ಅವಳಿಗಾಗಿ ಹಿಡಿದ ವ್ರತ ಎಂದು ಒಳಗೊಳಗೇ ಬೀಗಿದ್ದೆ. ಬಾಗಿಲಿನ ಆ ಬದಿಯಲ್ಲಿ ಅವಳು ಬಟ್ಟೆ ಬಚ್ಚಿಡುತ್ತಿದ್ದಳು. ನನಗೆ ಅಳು ಬಂತು. ಅತ್ತುಬಿಟ್ಟೆ ಎನ್ನಲು ನಾಚಿಕೆಯಿಲ್ಲ ಈಗ. ಅವಳು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಪಕ್ಕದಲ್ಲಿ ಕೂತಿದ್ದಳು.

ಈಗ ಒಳಗೆ ಮಲಗುತ್ತೇನೆ. ಹೆದರಿಕೆ ಹೋಗಿಲ್ಲ, ಬೆಳಗ್ಗೆ ಎದ್ದೊಡನೆ ನನ್ನ ಕಣ್ಣು ಹಾಸಿಗೆಯ ಮೇಲೆ ಕಲೆ ಹುಡುಕುತ್ತದೆ. ಅದು ಗೊತ್ತಾಗಿ ಅವಳೇ ಹೇಳುತ್ತಾಳೆ: ಇವತ್ತು ಇಲ್ಲ. ಒಮ್ಮೆ ಒಂದು ಹನಿ ಕಂಡಾಗ ಅದನ್ನೂ ಹೇಳಿದಳು. ಅವತ್ತೇ ಮೊದಲ ಬಸ್ಸಿಗೆ ಇಬ್ಬರೂ ಶಿವಮೊಗ್ಗಕ್ಕೆ ಹೋದೆವು.