ಪಾನಕ್ಕನ ಸೀಮೆಸುಣ್ಣ

ಇಪ್ಪತ್ತಾರು ವರ್ಷ ಸೈಕಲ್ ರಿಪೇರಿ ಮಾಡಿದ ಹೆಂಗಸಿನ ಕೈ ಹೇಗಿರುತ್ತದೆ ಎಂದು ತಿಳಿಯಬೇಕಾದರೆ ಪಾನಕ್ಕನ ಕೈ ನೋಡಬೇಕು. ಉಗುರಿನ ಸಂದಿಯ ಮಸಿ ಸೋಪಿಗೂ ಬಗ್ಗುವುದಿಲ್ಲ, ಸೀಮೆಎಣ್ಣೆಗೂ ಬಗ್ಗುವುದಿಲ್ಲ. ಬಲಗೈ ಹೆಬ್ಬೆರಳಂತೂ ಟೈರು ಒತ್ತಿ ಒತ್ತಿ ತುದಿಯಲ್ಲಿ ಚಪ್ಪಟೆಯಾಗಿದೆ. ನಟ್ಟು ಬಿಚ್ಚುವ ಪಾನಾ ಸದಾ ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದಳು, ಅದೇ ಹೆಸರಾಯಿತು. ಹೆತ್ತವರು ಇಟ್ಟ ಹೆಸರು ಈಗ ಅವಳ ಗಂಡನಿಗೂ ಥಟ್ಟನೆ ನೆನಪಾಗುವುದಿಲ್ಲ. ಕೆಲಸದಲ್ಲಿ ಅವಳನ್ನು ಮೀರಿಸುವವರು ಆ ಸುತ್ತಿನಲ್ಲಿ ಇರಲಿಲ್ಲ. ಹೊಟ್ಟೆಕಿಚ್ಚಿನಲ್ಲೂ ಇರಲಿಲ್ಲ.

ಆ ಹೊಟ್ಟೆಕಿಚ್ಚಾದರೂ ಊರ ಮೇಲೆಲ್ಲ ಹಂಚಿಹೋದದ್ದಲ್ಲ. ಅಷ್ಟೂ ಒಬ್ಬಳ ಪಾಲಿನದು: ಮೈದುನನ ಹೆಂಡತಿ, ಅವಳ ಓರಗಿತ್ತಿ.

ಇಬ್ಬರಿಗೂ ರಿಪೇರಿ ಕಲಿಸಿದವರು ಮಾವ. ಮೂಟೆ ಹೇರುವವರ, ಹಾಲಿನ ಕ್ಯಾನು ಕಟ್ಟುವವರ ಸೈಕಲ್ಲುಗಳು ಬರುತ್ತಿದ್ದ ಡಾಂಬರು ರಸ್ತೆಯ ಅಂಗಡಿ ಅವರದು. ಗಂಡುಮಕ್ಕಳಿಬ್ಬರೂ ಬಂದರಿನ ಕೆಲಸಕ್ಕೆ ಹೋದಾಗ ಸೊಸೆಯರ ಕೈಗೆ ಪಾನಾ ಕೊಟ್ಟರು. ‘ಒತ್ತಿದ್ರೆ ಕಲ್ಲು ಒತ್ತಿದ ಹಾಗಿರ್ಬೇಕು, ಅದು ಗಾಳಿ’ ಎನ್ನುವುದು ಅವರ ಮೊದಲ ಪಾಠ. ಎರಡನೆಯ ಪಾಠ ಸೀಮೆಸುಣ್ಣದ್ದು. ಮನೆಯವರಲ್ಲಿ ಒಬ್ಬರು ಗಾಳಿ ನೋಡಿ ಟೈರಿನ ಮೇಲೆ ಗೆರೆ ಎಳೆದರೆ ಮುಗಿಯಿತು, ಇನ್ನೊಬ್ಬರು ಅದನ್ನು ಒತ್ತಿ ನೋಡುವಂತಿಲ್ಲ. ಒತ್ತಿ ನೋಡಿದರೆ ಕೆನ್ನೆಗೆ ಹೊಡೆದಷ್ಟೇ ಅವಮಾನ. ಮಾವ ತೀರಿಕೊಂಡು ನಾಲ್ಕು ವರ್ಷವಾದರೂ ಆ ಗೆರೆಯ ಮಾತನ್ನು ಇಬ್ಬರೂ ಮೀರಿರಲಿಲ್ಲ.

ಹೋಗುವ ಮುಂಚೆ ಮಾವ ಸಾಮಾನು ಹಂಚಿದ್ದರು. ಚಕ್ರದ ಬೆಂಡು ತೆಗೆಯುವ ಕವೆ, ಪಾನಾಗಳ ಪೆಟ್ಟಿಗೆ, ಸುತ್ತಿಗೆ, ಪಂಕ್ಚರ್ ನೋಡುವ ಬಾಣಲಿ, ಎಲ್ಲ ಪಾನಕ್ಕನಿಗೆ. ಓರಗಿತ್ತಿಗೆ ಹಳೆಯ ಹಿತ್ತಾಳೆ ಪಂಪು ಒಂದೇ. ಲೆಕ್ಕಕ್ಕೆ ನೋಡಿದರೆ ಅಂಗಡಿ ಪೂರ್ತಿ ಪಾನಕ್ಕನದೇ. ಆದರೆ ಹೊಟ್ಟೆಕಿಚ್ಚಿಗೆ ಲೆಕ್ಕ ಎಲ್ಲಿಂದ ಬರಬೇಕು? ಮಾವ ದಿನಾ ಮುಟ್ಟುತ್ತಿದ್ದದ್ದು ಪಂಪನ್ನೇ. ಅದು ಅವಳಿಗೆ ಹೋಯಿತಲ್ಲ!

ಆಮೇಲೆ ಬಂತು ಜಲ್ಲಿ ದಾರಿ. ಸಮುದ್ರದಂಚಿನ ಬಂಡೆಗಳ ನೆತ್ತಿಯ ಮೇಲೆ ಕಲ್ಲು ಸಾಗಿಸುತ್ತಿದ್ದ ಹಳೆಯ ರಸ್ತೆಯೊಂದಿತ್ತು. ಗುಡ್ಡದ ಮೇಲೆ ಹೊಸ ರಸ್ತೆಯಾದಾಗ ಅದು ಪಾಳುಬಿತ್ತು. ಆ ದಾರಿಗೆಂದೇ ತೆರೆದ ಕಚೇರಿಯವರು ಅದಕ್ಕೆ ಸಣ್ಣ ಜಲ್ಲಿ ಹಾಸಿ, ಎರಡೂ ತುದಿಗೆ ಕಬ್ಬಿಣದ ಗೂಟ ನೆಟ್ಟು, ‘ಸೈಕಲ್ಲಿಗೆ ಮಾತ್ರ’ ಎಂದು ಬರೆಸಿದರು. ಹದಿನೆಂಟು ಕಿಲೋಮೀಟರ್ ಉದ್ದಕ್ಕೂ ಒಂದು ಹಾರನ್ ಕೇಳಿಸುವುದಿಲ್ಲ. ಚಕ್ರದಡಿ ಜಲ್ಲಿ ಕರಕರ ಎನ್ನುತ್ತದೆ, ಕೆಳಗೆ ಅಲೆ ಬಂಡೆಗೆ ಬಡಿಯುತ್ತದೆ, ಅಷ್ಟೇ. ಎರಡು ತುದಿಗೂ ಒಂದೊಂದು ತಗಡಿನ ಶೆಡ್ಡು ಕಟ್ಟಿ, ಬಾಡಿಗೆಗೆ ಕೊಡಲು ದಪ್ಪ ಟೈರಿನ ಹೊಸ ಸೈಕಲ್ಲುಗಳನ್ನು ಇಳಿಸಿ, ಬಂದರಿನ ತುದಿಯನ್ನು ಓರಗಿತ್ತಿಗೂ ದೀಪಸ್ತಂಭದ ತುದಿಯನ್ನು ಪಾನಕ್ಕನಿಗೂ ವಹಿಸಿದರು.

ಮೊದಲ ವಾರದಲ್ಲೇ ಪಾನಕ್ಕನಿಗೆ ಮೋಸ ಅರ್ಥವಾಯಿತು. ಮೋಸ ಮಾಡಿದ್ದು ಕಚೇರಿಯಲ್ಲ, ಸಮುದ್ರದ ಗಾಳಿ. ಅದು ಬಂದರಿನ ಕಡೆಯಿಂದ ದೀಪಸ್ತಂಭದ ಕಡೆಗೆ ಬೀಸುತ್ತದೆ. ಬುದ್ಧಿ ಇದ್ದವರು ಯಾರು ಗಾಳಿಗೆ ಎದುರಾಗಿ ತುಳಿಯುತ್ತಾರೆ? ಎಲ್ಲರೂ ಓರಗಿತ್ತಿಯ ಶೆಡ್ಡಿನಲ್ಲಿ ನಗುನಗುತ್ತಾ ಸೈಕಲ್ ಹತ್ತಿ, ಬೆನ್ನಿಗೆ ಗಾಳಿ ಹಾಕಿಸಿಕೊಂಡು ಹೊರಟು, ಪಾನಕ್ಕನ ಶೆಡ್ಡಿನಲ್ಲಿ ಕುಂಡೆ ಉಜ್ಜಿಕೊಳ್ಳುತ್ತಾ ಇಳಿಯುತ್ತಿದ್ದರು. ಸೈಕಲ್ ಓರಗಿತ್ತಿಯದು, ಪಂಕ್ಚರ್ ಪಾನಕ್ಕನಿಗೆ. ‘ಹೋಗಿ ಬನ್ನಿ’ ಅವಳ ಪಾಲಿಗೆ, ‘ಅಬ್ಬಾ, ಮೈಯೆಲ್ಲ ನಜ್ಜುಗುಜ್ಜಾಯ್ತು’ ಇವಳ ಪಾಲಿಗೆ. ಕೈ ಕೆಸರಾದರೆ ಬಾಯಿ ಮೊಸರು ಅಂತಾರಲ್ಲ, ಇಲ್ಲಿ ಕೆಸರಾದ ಕೈ ಒಬ್ಬಳದು, ಮೊಸರು ತಿಂದ ಬಾಯಿ ಇನ್ನೊಬ್ಬಳದು.

ಸಂಜೆ ಕಚೇರಿಯ ಮಿನಿ ಲಾರಿ ಮೇಲಿನ ರಸ್ತೆಯಿಂದ ಬರುತ್ತಿತ್ತು. ಪಾನಕ್ಕ ಓರಗಿತ್ತಿಯ ಸೈಕಲ್ಲುಗಳಿಗೆ ಪಂಕ್ಚರ್ ಹಾಕಿ, ಚೈನಿಗೆ ಎಣ್ಣೆ ಬಿಟ್ಟು, ಗಾಳಿ ಹೊಡೆದು, ಗೆರೆ ಎಳೆದು ಹತ್ತಿಸಿ ಕಳಿಸುತ್ತಿದ್ದಳು. ಹೊಟ್ಟೆಯಲ್ಲಿ ಏನೇ ಉರಿಯುತ್ತಿರಲಿ, ಕೆಲಸದಲ್ಲಿ ಒಂದು ದಿನವೂ ಕಳ್ಳತನ ಮಾಡಿರಲಿಲ್ಲ. ಇದನ್ನು ಅವಳ ಪರವಾಗಿ ಹೇಳಲೇಬೇಕು, ಮುಂದೆ ಹೇಳುವುದಕ್ಕೆ ಅಂಥದ್ದೇನೂ ಸಿಗುವುದಿಲ್ಲ.

ಮೂರನೆಯ ವರ್ಷ ದಾರಿಯುದ್ದಕ್ಕೂ ನಕ್ಷೆಯ ಹಲಗೆ ಹಾಕಿದರು. ಅದರ ಮೂಲೆಯಲ್ಲಿ ಓರಗಿತ್ತಿಯ ಫೋಟೋ, ಸೈಕಲ್ ಹಿಡಿದು, ಹಲ್ಲೆಲ್ಲ ಕಾಣುವಂತೆ. ಅವತ್ತು ಪಾನಕ್ಕನೂ ಪಕ್ಕದಲ್ಲೇ ನಿಂತಿದ್ದಳು. ಹಲಗೆಯಲ್ಲಿ ಉಳಿದದ್ದು ಅವಳ ಮೊಣಕೈ. ಹದಿನೆಂಟು ಕಿಲೋಮೀಟರಿನಲ್ಲಿ ಆರು ಹಲಗೆ, ಆರು ಮೊಣಕೈ.

ಅದೇ ಮಳೆಗಾಲ ಮುಗಿದ ಮೇಲೆ ಕಚೇರಿಯ ಮೇಡಂ ಹೇಳಿ ಕಳಿಸಿದರು: ಇನ್ನು ಮುಂದೆ ಎರಡೂ ಶೆಡ್ಡು ಒಬ್ಬರ ಉಸ್ತುವಾರಿಗೇ ಕೊಡುತ್ತೇವೆ. ಶುಕ್ರವಾರ ನಾನೇ ಬಂದು ಓಡಿಸಿ ನೋಡುತ್ತೇನೆ. ಹೋಗುವಾಗ ಬಂದರಿನವರ ಸೈಕಲ್, ಬರುವಾಗ ದೀಪಸ್ತಂಭದವರದು. ಯಾರ ಸೈಕಲ್ ಚೆನ್ನಾಗಿದೆಯೋ ಅವರಿಗೆ. ಇನ್ನೊಬ್ಬರು ಬೀಗದ ಕೈ ಒಪ್ಪಿಸಬೇಕು.

ಪಾನಕ್ಕ ಆ ರಾತ್ರಿ ಊಟ ಬಿಟ್ಟಳು. ಗಂಡ, “ಕೆಲಸದಲ್ಲಿ ನಿನ್ ಮುಂದೆ ಅವಳು ಯಾವ ಮೂಲೆಗೆ? ಸುಮ್ನೆ ಉಣ್ಣು” ಎಂದ.

“ಕೆಲಸ ನೋಡಿ ಕೊಟ್ಟಿದ್ರೆ ಪಂಪು ನಂಗೆ ಬರ್ತಿತ್ತು” ಎಂದಳು. ಗಂಡನಿಗೆ ತಲೆಬುಡ ತಿಳಿಯಲಿಲ್ಲ, ಅವಳ ಪಾಲಿನದನ್ನೂ ಉಂಡ.

ಗುರುವಾರ ಸಂಜೆ ಓರಗಿತ್ತಿಯ ಒಂಬತ್ತು ಸೈಕಲ್ಲುಗಳು ಬಂದು ನಿಂತವು. ಅವುಗಳಲ್ಲಿ ಒಂದು ನೀಲಿ, ಎಲ್ಲಕ್ಕಿಂತ ಹೊಸದು. ಮೇಡಂಗೆ ಇದನ್ನೇ ಕೊಡುತ್ತಾಳೆ ಎನ್ನುವುದಕ್ಕೆ ಶಾಸ್ತ್ರ ಕೇಳಬೇಕಾಗಿರಲಿಲ್ಲ. ಪಾನಕ್ಕ ಪದ್ಧತಿಯಂತೆ ಅದಕ್ಕೆ ಕಲ್ಲಿನಂಥ ಗಾಳಿ ಹೊಡೆದಳು. ಸೀಮೆಸುಣ್ಣ ಕೈಗೆತ್ತಿಕೊಂಡಳು. ನಂತರ ಸುಣ್ಣವನ್ನು ಪಕ್ಕಕ್ಕಿಟ್ಟು, ವಾಲ್ವಿನ ನಡುವಿನ ಕಡ್ಡಿಯ ಮೇಲೆ ಉಗುರು ಊರಿದಳು.

ಟೈರು ಬುಸ್ಸೆಂದಿತು. ಪಂಪು ನಿಂಗೆ, ಎಂದುಕೊಂಡಳು ಪಾನಕ್ಕ ಮನಸ್ಸಿನಲ್ಲೇ. ಫೋಟೋ ನಿಂಗೆ, ಮೊಣಕೈ ನಂಗೆ. ಬೀಸೋ ಗಾಳಿನೂ ನಿನ್ ಪರಾನೇ. ನಕ್ಕೊಂಡು ಕಳ್ಸೋಳು ನೀನು, ಬೈಸ್ಕೊಳ್ಳೋಳು ನಾನು. ನಾಲ್ಕು ದೂರು ಮುಗಿದ ಮೇಲೆ ಉಗುರು ತೆಗೆದಳು. ಹಿಂದಿನ ಚಕ್ರಕ್ಕೂ ಅದೇ ನಾಲ್ಕನ್ನು ಹೇಳಿಕೊಂಡಳು. ಹೆಬ್ಬೆರಳಿಂದ ಒತ್ತಿದರೆ ಟೈರು ಒಳಕ್ಕೆ ತಗ್ಗಿತು. ಥೂ, ಮಾವ ನೋಡಿದ್ದರೆ ಅಂಗಡಿಯಿಂದ ಆಚೆ ಹಾಕುತ್ತಿದ್ದರು. ಇಷ್ಟು ಮಾಡಿ, ಎರಡೂ ಟೈರಿನ ಮೇಲೆ ಗೆರೆ ಎಳೆದಳು.

ಗೆರೆ ಇದ್ದ ಮೇಲೆ ಓರಗಿತ್ತಿ ಒತ್ತಿ ನೋಡುವುದಿಲ್ಲ. ಅದೊಂದು ನಂಬಿಕೆಯ ಮೇಲೆಯೇ ಪಾನಕ್ಕನ ಇಡೀ ಉಪಾಯ ನಿಂತಿತ್ತು.

ಶುಕ್ರವಾರ ಬೆಳಿಗ್ಗೆ ಅವಳು ಶೆಡ್ಡಿನ ಮುಂದೆ ಬೆಂಚಿನ ತುದಿಯಲ್ಲಿ ಕೂತು ದಾರಿ ನೋಡಿದಳು. ಮೇಡಂ ನಡೆದುಕೊಂಡು, ಸೈಕಲ್ ತಳ್ಳಿಕೊಂಡು, ಕೆಂಡದಂಥ ಮುಖ ಮಾಡಿಕೊಂಡು ಬರುತ್ತಾರೆ ಎಂದು ಕಾದಳು. ಹತ್ತು ಗಂಟೆಗೆ ಬಂಡೆಯ ತಿರುವಿನಲ್ಲಿ ನೀಲಿ ಸೈಕಲ್ ಕಾಣಿಸಿತು. ಮೇಡಂ ತುಳಿಯುತ್ತಿದ್ದರು. ಏನೋ ಹಾಡು ಗುನುಗುತ್ತಿದ್ದರು.

“ಪಾನಕ್ಕ, ಏನ್ರೀ ಇದು! ಇಷ್ಟು ದಿನ ಈ ಜಲ್ಲಿ ಮೇಲೆ ಬಂದ್ರೆ ಹಲ್ಲೆಲ್ಲ ಅಲ್ಲಾಡ್ತಿತ್ತು. ಇವತ್ತು ಹಾಸಿಗೆ ಮೇಲೆ ಬಂದ ಹಾಗಿತ್ತು. ಸೊಂಟ ಇದೆ ಅನ್ನೋದೇ ಮರ್ತುಹೋಯ್ತು. ನಿಮ್ಮ ಓರಗಿತ್ತಿ ಏನು ಮಾಡಿದಾರೆ ಇದಕ್ಕೆ?”

ಪಾನಕ್ಕ ಬಗ್ಗಿ ಟೈರನ್ನು ಒತ್ತಿ ನೋಡಿದಳು, ಇನ್ನೂ ಮೆತ್ತಗೇ ಇತ್ತು. ಡಾಂಬರಿನ ಮೇಲೆ ಮೂಟೆ ಹೊರುವ ಸಣ್ಣ ಟೈರಿಗೆ ಬೇಕಾದದ್ದು ಕಲ್ಲಿನಂಥ ಗಾಳಿ. ಜಲ್ಲಿಯ ಮೇಲೆ ದಪ್ಪ ಟೈರು ಸ್ವಲ್ಪ ಮೆತ್ತಗಿದ್ದರೇ ಕಲ್ಲನ್ನು ನುಂಗಿಕೊಂಡು ಹೋಗುತ್ತದೆ. ಮಾವ ಜಲ್ಲಿ ದಾರಿ ಕಂಡವರಲ್ಲ. ಸೊಸೆಯರಿಬ್ಬರೂ ಮೂರು ವರ್ಷ ಮಾವನ ಪಾಠವನ್ನೇ ಹೊಡೆದು ಹೊಡೆದು ಜನರ ಬೆನ್ನು ಮುರಿದಿದ್ದರು. ತಾನೊಂದು ಬಗೆದರೆ ದೈವವೊಂದು ಬಗೆಯಿತು ಅನ್ನುವುದು ಇದಕ್ಕೇ.

ಮೇಡಂ ಪಾನಕ್ಕನ ಸೈಕಲ್ ಹತ್ತಿ, ಕಲ್ಲಿನಂಥ ಟೈರಿನ ಮೇಲೆ, ಗಾಳಿಗೆ ಎದುರಾಗಿ ಹೊರಟರು. ಮೊದಲ ಇಳಿಜಾರಿನಲ್ಲೇ ಅವರು “ಅಯ್ಯಯ್ಯೋ” ಎಂದದ್ದು ಶೆಡ್ಡಿನವರೆಗೂ ಕೇಳಿಸಿತು. ಸಂಜೆ ಪಾನಕ್ಕ ನೀಲಿ ಸೈಕಲ್ಲನ್ನು ಗಾಳಿ ಮುಟ್ಟದೆ ಹಾಗೇ ಲಾರಿಗೆ ಹತ್ತಿಸುವ ಹೊತ್ತಿಗೆ ಸುದ್ದಿ ಬಂತು. ಎರಡೂ ಶೆಡ್ಡು ಓರಗಿತ್ತಿಗೆ.

ಮರುದಿನ ಬೆಳಿಗ್ಗೆ ಪಾನಕ್ಕ ಬೀಗದ ಕೈಯನ್ನು ಬೆಂಚಿನ ಮೇಲಿಟ್ಟು, ಪಾನಾಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದಳು. ಓರಗಿತ್ತಿ ನೀಲಿ ಸೈಕಲ್ಲಿನಲ್ಲೇ ಬಂದಳು. ಗಾಳಿಗೆ ಎದುರಾಗಿ ಹದಿನೆಂಟು ಕಿಲೋಮೀಟರ್ ತುಳಿದು ಕೂದಲೆಲ್ಲ ಮುಖಕ್ಕೆ ಅಂಟಿತ್ತು. ಹಿಂದಿನ ಕ್ಯಾರಿಯರಿಗೆ ಹಿತ್ತಾಳೆ ಪಂಪು ಕಟ್ಟಿದ್ದಳು. ಮೆರೆಯುವುದಕ್ಕೆ ಅದನ್ನೂ ಹೊತ್ತು ತಂದಳಲ್ಲ ಎಂದು ಪಾನಕ್ಕನಿಗೆ ಮೈ ಉರಿಯಿತು.

“ಅಕ್ಕ, ಆ ಗಾಳಿ ಹೇಗೆ ನೋಡಿದ್ರಿ?” ಎಂದಳು ಓರಗಿತ್ತಿ, ಏದುಸಿರು ಬಿಡುತ್ತಾ. “ನಿನ್ನೆ ಲಾರೀಲಿ ವಾಪಸ್ ಬಂದ್ಮೇಲೇ ನಾನು ಒತ್ತಿ ನೋಡಿದ್ದು, ತಪ್ಪು ತಿಳ್ಕೋಬೇಡಿ. ಉಳಿದವಕ್ಕೂ ಹಾಗೇ ಇಳಿಸೋಣ ಅಂತ ಕೂತ್ರೆ ಸರಿ ಬರ್ತಿಲ್ಲ. ಜಾಸ್ತಿ ಇಳಿದ್ರೆ ರಿಮ್ ಕಲ್ಲಿಗೆ ಹೊಡೀತದೆ. ಕಡಿಮೆ ಇಳಿದ್ರೆ ಹಳೇ ಕಥೆ. ಮಾವ ಇದನ್ನ ನಿಮಗೊಬ್ಬರಿಗೇ ಹೇಳಿಕೊಟ್ಟಿದ್ರಾ?”

ಆ ಕೊನೆಯ ಮಾತಿನಲ್ಲಿ ಒಂದು ಸಣ್ಣ ಉರಿ ಇತ್ತು. ಉರಿಯ ವಿಷಯದಲ್ಲಿ ಪಾನಕ್ಕನಿಗಿಂತ ತಿಳಿದವರಾರು? ಅವಳು ಪಾನಾ ಕೆಳಗಿಟ್ಟಳು. ಹೌದು ಎಂದಿದ್ದರೆ ಎಲ್ಲ ಮುಚ್ಚಿಹೋಗುತ್ತಿತ್ತು, ಮೇಲೆ ಮರ್ಯಾದೆಯೂ ಸಿಗುತ್ತಿತ್ತು.

“ಯಾರೂ ಹೇಳಿಕೊಡ್ಲಿಲ್ಲ ಕಣೇ. ನಿನ್ನ ಹಾಳು ಮಾಡೋಣ ಅಂತ ಇಳಿಸಿದ್ದು. ಹೊಟ್ಟೆಕಿಚ್ಚು.”

ಓರಗಿತ್ತಿ ಟೈರಿನ ಮೇಲಿನ ಅರೆಬರೆ ಅಳಿಸಿದ ಗೆರೆಯನ್ನೇ ನೋಡಿದಳು.

“ಗೆರೆ ಎಳೆದಿದ್ರಲ್ಲ, ಅಕ್ಕ.”

“ಎಳೆದೆ.”

“ನಾನು ಒತ್ತಿ ನೋಡ್ಲಿಲ್ಲ.”

“ನೋಡಲ್ಲ ಅಂತ ಗೊತ್ತಿತ್ತು. ಅದಕ್ಕೇ ಎಳೆದದ್ದು.” ಪಾನಕ್ಕ ಬೀಗದ ಕೈಯನ್ನು ಅವಳತ್ತ ನೂಕಿದಳು. “ತಗೋ. ನಾನು ಹೊರಟೆ.”

ಓರಗಿತ್ತಿ ಬೀಗದ ಕೈ ಮುಟ್ಟಲಿಲ್ಲ. ಕ್ಯಾರಿಯರಿನಿಂದ ಪಂಪು ಬಿಚ್ಚಿ, ಮುಂದಿನ ಚಕ್ರಕ್ಕೆ ಸಿಕ್ಕಿಸಿ, ಟೈರು ಕಲ್ಲಾಗುವವರೆಗೂ ಸಿಟ್ಟಿನಿಂದ ಹೊಡೆದಳು.

“ಎಷ್ಟು ಹೊತ್ತು ಒತ್ತಿದ್ರಿ ಹೇಳಿ.”

“ಗಡಿಯಾರ ನೋಡ್ಕೊಂಡು ಒತ್ತಿದ್ನಾ? ನಿನ್ನ ಬೈಕೊಂಡು ಒತ್ತಿದೆ. ಬೈದು ಮುಗಿದಾಗ ಬಿಟ್ಟೆ.”

“ಹಾಗಾದ್ರೆ ಬೈಯಿರಿ.”

“ಏನು?”

“ಬೈಯಿರಿ ಅಂದೆ. ಒತ್ಕೊಂಡು ಬೈಯಿರಿ. ನಂಗೆ ಅಳತೆ ಬೇಕು. ನೀವು ಹೊರಟ್ರೆ ಎರಡೆರಡು ಶೆಡ್ಡು ಇಟ್ಕೊಂಡು ನಾನೇನು ಮಾಡ್ಲಿ?”

ಪಾನಕ್ಕ ಕುಕ್ಕರಗಾಲಲ್ಲಿ ಕೂತು ವಾಲ್ವಿಗೆ ಉಗುರು ಊರಿದಳು. ಮನಸ್ಸಿನಲ್ಲಿ ಸಲೀಸಾಗಿ ಬಂದದ್ದು ಬಾಯಿಗೆ ಬರಲು ಒದ್ದಾಡಿತು. “ಪಂಪು ನಿಂಗೆ” ಎಂದಳು. “ಫೋಟೋ ನಿಂಗೆ, ಮೊಣಕೈ ನಂಗೆ.” ಓರಗಿತ್ತಿಯ ತುಟಿ ಅಲುಗಿತು, ಆದರೆ ನಗಲಿಲ್ಲ. “ಬೀಸೋ ಗಾಳಿನೂ ನಿನ್ ಪರಾನೇ. ನಕ್ಕೊಂಡು ಕಳ್ಸೋಳು ನೀನು, ಬೈಸ್ಕೊಳ್ಳೋಳು ನಾನು.”

ನಾಲ್ಕು ಮುಗಿಯಿತು. ಉಗುರು ತೆಗೆಯಬೇಕಿತ್ತು. ಅವಳು ತೆಗೆಯಲಿಲ್ಲ.

“ಕೊನೇ ದಿನ ಮಾವ ನಿನ್ನ ಕೈ ಹಿಡ್ಕೊಂಡ್ರು” ಎಂದಳು. ಇದು ಗುರುವಾರದ ನಾಲ್ಕರಲ್ಲಿ ಇರಲಿಲ್ಲ. ತನಗೆ ತಾನೇ ಕೂಡ ಇದನ್ನು ಹೇಳಿಕೊಂಡಿರಲಿಲ್ಲ. “ಇಪ್ಪತ್ತೆರಡು ವರ್ಷ ಅವರ ಜೊತೆ ಕೆಲಸ ಮಾಡಿದೋಳು ನಾನು. ಕಾಲ ಹತ್ರ ನಿಂತಿದ್ದೆ. ನನ್ನ ಕರೀಲೇ ಇಲ್ಲ.”

ಓರಗಿತ್ತಿ ಅವಳ ಪಕ್ಕದಲ್ಲೇ ಕೂತಳು.

“ಅವತ್ತು ಅವರಿಗೆ ಕಣ್ಣು ಕಾಣ್ತಿರ್ಲಿಲ್ಲ ಅಕ್ಕ. ನನ್ನ ಕೈ ಹಿಡ್ಕೊಂಡು ಸವರಿ ಸವರಿ ನೋಡಿದ್ರು. ಹೆಬ್ಬೆರಳು ಹುಡುಕ್ತಿದ್ರು. ‘ಇದಲ್ಲ, ಚಪ್ಪಟೆ ಬೆರಳು ಎಲ್ಲಿ’ ಅಂದ್ರು. ಸಣ್ಣ ದನಿ, ನಂಗೊಬ್ಬಳಿಗೇ ಕೇಳಿಸ್ತು.” ಅವಳು ಮೂಗು ಒರೆಸಿಕೊಂಡಳು. “ನಾನು ಕೈ ಬಿಡ್ಲಿಲ್ಲ. ನಿಮ್ಮನ್ನ ಕರೀಲೂ ಇಲ್ಲ. ಹೊಟ್ಟೆಕಿಚ್ಚು ನಿಮ್ಮೊಬ್ಬರಿಗೇ ಇರೋದು ಅಂತ ತಿಳ್ಕೊಂಡಿದೀರಾ?”

ಪಾನಕ್ಕ ಸಮುದ್ರದ ಕಡೆ ಮುಖ ತಿರುಗಿಸಿ ಕೂತಳು. ಬುಸ್ಸೆನ್ನುವ ಸದ್ದು ಸಣ್ಣದಾಗುತ್ತಾ ಬಂದು, ಪೂರ್ತಿ ನಿಂತು, ರಿಮ್ ನೆಲಕ್ಕೆ ಕೂತಿತು.

“ಉಗುರು ತೆಗೀರಿ ಅಕ್ಕ. ಒಳಗೇನೂ ಉಳಿದಿಲ್ಲ.”

ಪಾನಕ್ಕ ತನ್ನ ಚಪ್ಪಟೆ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಒರೆಸಿದ ಮೇಲೂ ಅದನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಸೀಮೆಸುಣ್ಣದ ತುಂಡನ್ನು ಓರಗಿತ್ತಿಯ ಕೈಗೆ ಹಾಕಿದಳು.

“ಮತ್ತೆ ಹೊಡಿ ಪಂಪು” ಎಂದಳು. “ಈ ಸಲ ನಾಲ್ಕಕ್ಕೇ ನಿಲ್ಲಿಸ್ತೀನಿ. ನೀನು ಒತ್ತಿ ನೋಡು, ಆಮೇಲೇ ಗೆರೆ ಎಳಿ.”